ಸರ್ ಬೆನಗಲ್ ನರಸಿಂಗರಾಯರು

ನಮ್ಮ ರಾಮಾಪುರ, ಕೌದಳ್ಳಿ, ಹನೂರಿನ ಕಡೆಯಿಂದ ಕಾಲೇಜಿಗೆ ಬರುವ ಹುಡುಗರಲ್ಲಿ ನಾಲ್ಕಾರು ಮಂದಿಯಾದರೂ ಪ್ರತಿ ವರ್ಷವೂ ಕೆ.ಎ.ಎಸ್., ಐ.ಎ.ಎಸ್. ಪರೀಕ್ಷೆಗಳ ಮೇಲೆ ಕಣ್ಣಿಟ್ಟವರೇ ಆಗಿರುತ್ತಾರೆ. ಇತಿಹಾಸ, ಭೂಗೋಳ, ಅರ್ಥಶಾಸ್ತ್ರಗಳನ್ನು ಇವರು ಹೇಗೋ ಉರುಹೊಡೆದು ದಕ್ಕಿಸಿಕೊಳ್ಳುತ್ತಾರೆ. ಇವರನ್ನು ಕಾಡುವುದು ಬೇರೊಂದು ಬಗೆಯ ಪ್ರಶ್ನೆ. ಕೇಂದ್ರ ಲೋಕಸೇವಾ ಆಯೋಗವು 2013ರಿಂದ ಮುಖ್ಯ ಪರೀಕ್ಷೆಯಲ್ಲಿ ನೀತಿ, ಪ್ರಾಮಾಣಿಕತೆ ಮತ್ತು ಮನೋಧರ್ಮಗಳನ್ನು ಕುರಿತು 250 ಅಂಕಗಳ ಒಂದು ಪತ್ರಿಕೆಯನ್ನೇ ಸೇರಿಸಿದೆ. ಅದರಲ್ಲಿ ಒಂದು ಸನ್ನಿವೇಶವನ್ನು ವರ್ಣಿಸಿ, ನೀವು ಆ ಸ್ಥಾನದಲ್ಲಿದ್ದರೆ ಏನು ಮಾಡುವಿರಿ ಎಂದು ಕೇಳುತ್ತಾರೆ. ಇಂಗ್ಲೆಂಡಿನ ಸಿವಿಲ್ ಸರ್ವಿಸ್‌ನವರೂ ಇಂಥ ಸನ್ನಿವೇಶ ವಿವೇಚನೆಯ ಪರೀಕ್ಷೆಯನ್ನು ನಡೆಸುತ್ತಾರೆ. ಒತ್ತುವರಿ ತೆರವಿನ ಪಟ್ಟಿಯಲ್ಲಿ ತಹಸೀಲ್ದಾರನ ಸೋದರಮಾವನ ಜಮೀನೂ ಬಂದಿದೆಯೆಂದರೆ ಆತ ಏನು ಮಾಡಬೇಕು? ಇದು ಪುಸ್ತಕದಲ್ಲಿ ಸಿಕ್ಕುವ ಉತ್ತರವಲ್ಲ.

ಕಳೆದ ಬೇಸಗೆಯಲ್ಲಿ ಹಾಸ್ಟೆಲಿನ ಗೆಳೆಯರೊಡನೆ ಇಂಥ ಪ್ರಶ್ನೆಗಳನ್ನು ಬಿಡಿಸಲು ಕುಳಿತಾಗ ನಮ್ಮೆಲ್ಲರ ಉತ್ತರಗಳೂ ಒಂದೇ ಅಚ್ಚಿನಲ್ಲಿ ಎರಕಹೊಯ್ದಂತೆ ಇದ್ದುವು. ನ್ಯಾಯ, ನಿಷ್ಪಕ್ಷಪಾತ, ಪಾರದರ್ಶಕತೆ ಎಂಬ ದೊಡ್ಡ ಮಾತುಗಳಿಗೆ ಅವುಗಳಲ್ಲಿ ಕೊರತೆಯಿರಲಿಲ್ಲ. ಆದರೆ ಸೋದರಮಾವನ ಮುಖವನ್ನು ನೆನೆದು ಬರೆದ ಉತ್ತರ ಒಂದೂ ಇರಲಿಲ್ಲ. ಆಗ ನನಗೆ ನೆನಪಾದವರು ಮಂಗಳೂರಿನ ಬೆನಗಲ್ ನರಸಿಂಗರಾಯರು. ಯಾರೂ ಕೇಳದೆ ಇದ್ದ ಇಂಥದೊಂದು ಪ್ರಶ್ನೆಗೆ ಅವರು ಇಪ್ಪತ್ತೆರಡು, ಇಪ್ಪತ್ತಮೂರರ ಪ್ರಾಯದಲ್ಲಿ ತಾವಾಗಿಯೇ ಉತ್ತರ ಬರೆದು ಕಳುಹಿಸಿದ್ದರು. ಅವರ ಜೀವನದ ಕೆಲವು ಸಂಗತಿಗಳನ್ನು ನಮ್ಮ ಕಾಲೇಜಿನ ಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ನರಸಿಂಗರಾಯರು 1887ನೆಯ ಇಸವಿ ಫೆಬ್ರವರಿ 26ರಂದು ಮಂಗಳೂರಿನಲ್ಲಿ ಜನಿಸಿದರು. ತಂದೆ ಬೆನಗಲ್ ರಾಘವೇಂದ್ರರಾಯರು ವೈದ್ಯರು. ಸಾರಸ್ವತ ಮನೆತನ, ಮನೆಯ ಮಾತು ಕೊಂಕಣಿ, ಊರಿನ ಮಾತು ತುಳು ಕನ್ನಡಗಳು. ಈ ಮನೆಯ ಮಕ್ಕಳೆಲ್ಲರೂ ಒಬ್ಬರನ್ನು ಒಬ್ಬರು ಮೀರಿಸಿದವರು. ಒಬ್ಬ ತಮ್ಮ ರಾಮರಾಯರು ತಾವೂ ಐ.ಸಿ.ಎಸ್. ಸೇರಿ, 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರಾಗಿದ್ದರು. ಮತ್ತೊಬ್ಬ ತಮ್ಮ ಶಿವರಾಯರು ಹೆಸರಾಂತ ಪತ್ರಿಕೋದ್ಯಮಿ. ಸಂವಿಧಾನ ಸಭೆಯ ಸದಸ್ಯರು. ಒಂದೇ ಮನೆಯಿಂದ ಇಷ್ಟು ಮಂದಿ ಹೊರಟುದನ್ನು ಕಂಡರೆ, ಮಂಗಳೂರಿನ ನೀರಿನಲ್ಲೇ ಏನೋ ಇರಬೇಕೆಂದು ನಮ್ಮಂಥ ಬಯಲುಸೀಮೆಯವರಿಗೆ ಅನ್ನಿಸಿದರೆ ತಪ್ಪಲ್ಲ.

ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, 1901ರಲ್ಲಿ ಪರೀಕ್ಷೆಗೆ ಕುಳಿತ ಹುಡುಗ ಇಡೀ ಮದರಾಸು ಪ್ರಾಂತಕ್ಕೆ ಮೊದಲಿಗನಾಗಿ ತೇರ್ಗಡೆಯಾದನು. ಆಗ ಅವನಿಗೆ ಹದಿನಾಲ್ಕು ವರ್ಷ. ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷು, ಭೌತವಿಜ್ಞಾನ, ಸಂಸ್ಕೃತ ಈ ಮೂರರಲ್ಲಿಯೂ ಪ್ರಥಮ ದರ್ಜೆ. ಅದು ಸಾಲದೆಂಬಂತೆ ಗಣಿತದಲ್ಲಿ ಇನ್ನೊಂದು. ಒಂದೊಂದು ವಿಷಯಕ್ಕೇ ತಲೆ ಚಚ್ಚಿಕೊಳ್ಳುವ ನಮಗೆ ಇದು ಪುರಾಣದ ಕಥೆಯಂತೆ ತೋರುತ್ತದೆ. ಸರ್ಕಾರದ ವಿದ್ಯಾರ್ಥಿವೇತನವನ್ನು ಪಡೆದು ಅವರು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜನ್ನು ಸೇರಿ 1909ರಲ್ಲಿ ಟ್ರೈಪಾಸ್ ಪರೀಕ್ಷೆಯನ್ನು ಮುಗಿಸಿದರು. ಅದೇ ಕಾಲದಲ್ಲಿ ಅದೇ ಟ್ರಿನಿಟಿಯಲ್ಲಿ ಜವಾಹರಲಾಲ ನೆಹರೂ ಅವರೂ ಓದುತ್ತಿದ್ದರು.

ಇಲ್ಲಿ ಆ ಕಾಲದ ಐ.ಸಿ.ಎಸ್. ಪರೀಕ್ಷೆಯ ವಿಷಯವನ್ನು ಸ್ವಲ್ಪ ಹೇಳಬೇಕು. 1855ಕ್ಕೆ ಮೊದಲು ಕಂಪನಿಯ ಡೈರೆಕ್ಟರುಗಳ ಶಿಫಾರಸು ಇದ್ದವರಿಗೆ ಮಾತ್ರ ಈ ನೌಕರಿ ಸಿಕ್ಕುತ್ತಿತ್ತು. ಆ ವರ್ಷದಿಂದ ಸ್ಪರ್ಧಾ ಪರೀಕ್ಷೆ ಮೊದಲಾಯಿತು. ಆದರೆ ಅದು ನಡೆಯುತ್ತಿದ್ದುದು ಲಂಡನ್ನಿನಲ್ಲಿ. ಭಾರತದಲ್ಲಿಯೂ ಪರೀಕ್ಷೆ ನಡೆಯುವಂತಾದುದು 1922ರಲ್ಲಿ. ಅಲ್ಲಿಯ ತನಕ ಕಡಲು ದಾಟುವ ಶಕ್ತಿಯಿಲ್ಲದ ಭಾರತೀಯನಿಗೆ ಈ ಬಾಗಿಲು ತೆರೆದಿದ್ದರೂ ಮುಚ್ಚಿದಂತೆಯೇ. ಮೊದಲ ಭಾರತೀಯರಾಗಿ 1863ರಲ್ಲಿ ಗೆದ್ದವರು ಕವಿ ರವೀಂದ್ರರ ಅಣ್ಣ ಸತ್ಯೇಂದ್ರನಾಥ ಠಾಕೂರರು. ಇವರು ನಮ್ಮ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ವಯಸ್ಸಿನ ಮಿತಿಯನ್ನು ಒಮ್ಮೆ ಇಳಿಸುವುದು, ಒಮ್ಮೆ ಏರಿಸುವುದು ಸರ್ಕಾರದ ಆಟವಾಗಿತ್ತು. 1878ರಿಂದ ಅದನ್ನು ಹತ್ತೊಂಬತ್ತಕ್ಕೆ ಇಳಿಸಿದಾಗ ದೇಶದಾದ್ಯಂತ ಕೂಗೆದ್ದಿತು. ಪರೀಕ್ಷೆಗೆ ಹುಡುಗರನ್ನು ಅರೆದು ತಯಾರುಮಾಡುವ ವ್ರೆನ್ ಎಂಬವರ ಪಾಠಶಾಲೆಯೊಂದು ಲಂಡನ್ನಿನಲ್ಲಿ ಪ್ರಸಿದ್ಧವಾಗಿತ್ತು. ಬೆಂಗಳೂರಿನ ವಿಜಯನಗರದ ಕೋಚಿಂಗ್ ಸೆಂಟರುಗಳು ಹೊಸ ಸೃಷ್ಟಿಯೇನೂ ಅಲ್ಲವೆಂದಾಯಿತು.

ಈ ಪರೀಕ್ಷೆಯಲ್ಲಿ ಗ್ರೀಕು, ಲ್ಯಾಟಿನ್, ಗಣಿತ, ಚರಿತ್ರೆ, ವಿಜ್ಞಾನ ಮುಂತಾದ ವಿಷಯಗಳಲ್ಲಿ ಕೈಗೆ ಬಂದವನ್ನು ಆರಿಸಿಕೊಂಡು ಬರೆಯಬಹುದಾಗಿತ್ತು. ಗೆದ್ದವರು ಮತ್ತೆ ಕೆಲಕಾಲ ಅಲ್ಲಿಯೇ ನಿಂತು ದಂಡಸಂಹಿತೆ, ಸಾಕ್ಷ್ಯದ ಕಾಯಿದೆ, ಭಾರತದ ಚರಿತ್ರೆ, ತಾವು ಹೋಗಬೇಕಾದ ಪ್ರಾಂತದ ಭಾಷೆ ಇವುಗಳನ್ನು ಕಲಿಯಬೇಕು; ಕುದುರೆಸವಾರಿಯಲ್ಲಿಯೂ ಪಾಸಾಗಬೇಕು. ಓದಿನಲ್ಲಿ ಗೆದ್ದ ಅರವಿಂದ ಘೋಷರು 1892ರಲ್ಲಿ ಹೊರಗುಳಿದುದು ಈ ಕುದುರೆಯ ದೆಸೆಯಿಂದಲೇ. ಕುದುರೆಯನ್ನು ಏರಿ ಕೂರಬಲ್ಲನೇ ಎಂದು ಪರೀಕ್ಷಿಸಿದವರು, ಅಧಿಕಾರವನ್ನು ಏರಿ ಕುಳಿತ ಮೇಲೆ ಈತ ಹೇಗೆ ನಡೆದಾನು ಎಂದು ಕೇಳುವ ಪತ್ರಿಕೆಯನ್ನು ಮಾತ್ರ ಇಟ್ಟಿರಲಿಲ್ಲ.

ನರಸಿಂಗರಾಯರು 1909ರಲ್ಲಿ ಐ.ಸಿ.ಎಸ್. ಗೆದ್ದರು. ಅವರಿಗೆ ಗೊತ್ತುಮಾಡಿದ ಪ್ರಾಂತ ಮದರಾಸು. ಬೇರೆ ಯಾರಾದರೂ ಆಗಿದ್ದರೆ ಊರಿಗೆ ತಂತಿ ಕೊಟ್ಟು ಹಬ್ಬ ಮಾಡುತ್ತಿದ್ದರು. ಹುಟ್ಟಿದ ಪ್ರಾಂತ, ಬಲ್ಲ ಭಾಷೆಗಳು, ಕಣ್ಣೆದುರಿಗೆ ತಂದೆತಾಯಿಗಳು, ಇದಕ್ಕಿಂತ ಬೇಕಾದುದೇನು? ರಾಯರು ಕುಳಿತು ಇಂಡಿಯಾ ಆಫೀಸಿಗೆ ಒಂದು ಕಾಗದ ಬರೆದರು. ಆ ಪ್ರಾಂತದ ಅಧಿಕಾರಿಗಳಲ್ಲಿ ತಮಗೆ ಬಂಧುಗಳೂ ಸ್ನೇಹಿತರೂ ಬಹಳ ಮಂದಿ ಇದ್ದಾರೆ, ತಮ್ಮವರಿಗೆ ಅಲ್ಲಿ ಜಮೀನುಗಳಿವೆ, ಇಂಥ ಕಡೆಯಲ್ಲಿ ಕರ್ತವ್ಯವನ್ನು ಪಕ್ಷಪಾತವಿಲ್ಲದೆ ನಡೆಸುವುದು ಕಷ್ಟವಾದೀತು, ಆದ್ದರಿಂದ ಬೇರೆ ಪ್ರಾಂತಕ್ಕೆ ಹಾಕಬೇಕು ಎಂಬುದು ಅದರ ತಾತ್ಪರ್ಯ. ಅವರ ಕೋರಿಕೆ ಮನ್ನಣೆ ಪಡೆಯಿತು, ಬಂಗಾಳಕ್ಕೆ ಹಾಕಿದರು.

ಈ ಕಾಗದದ ಸಂಗತಿಯನ್ನು ನಾನು ಗೆಳೆಯರಿಗೆ ಹೇಳಿದಾಗ ಎಲ್ಲರೂ ತಲೆದೂಗಲಿಲ್ಲ. ಒಬ್ಬನು ಎತ್ತಿದ ಆಕ್ಷೇಪಣೆ ಉಪೇಕ್ಷಿಸತಕ್ಕದ್ದಲ್ಲ. ಅದನ್ನು ಇಲ್ಲಿ ಹೇಳುವೆನು. 1799ರಲ್ಲಿ ಟಿಪ್ಪು ಮಡಿದ ಮೇಲೆ ನಮ್ಮ ಕೊಳ್ಳೇಗಾಲದ ಸೀಮೆ ಕಂಪನಿಯ ಕೈಸೇರಿ, ಮುಂದೆ ಕೊಯಮತ್ತೂರು ಜಿಲ್ಲೆಯ ಒಂದು ತಾಲ್ಲೂಕಾಗಿ ಮದರಾಸು ಪ್ರಾಂತದಲ್ಲಿಯೇ ಉಳಿಯಿತು. ರಾಮಾಪುರವೂ ಅದರೊಳಗೆ. ಇಲ್ಲಿಯ ರೈತನ ಮಾತು ಕನ್ನಡ, ಜಿಲ್ಲೆಯ ಕಚೇರಿಯ ಮಾತು ತಮಿಳು ಮತ್ತು ಇಂಗ್ಲಿಷು. ಕಂದಾಯದ ತಕರಾರೋ ಕಾಡಿನ ತಕರಾರೋ ಇದ್ದವನು ಬುತ್ತಿ ಕಟ್ಟಿಕೊಂಡು ಕೊಯಮತ್ತೂರಿಗೆ ಹೋಗಬೇಕು. ಇಂಥ ಕಾಲದಲ್ಲಿ ಕನ್ನಡ ಬಲ್ಲ ಒಬ್ಬ ಕಲೆಕ್ಟರು ಬಂದಿದ್ದರೆ ಬಡವನ ಅರ್ಜಿಗೆ ಒಂದು ಕಿವಿಯಾದರೂ ಸಿಕ್ಕುತ್ತಿರಲಿಲ್ಲವೇ? ತನ್ನ ಕೈ ಕೊಳೆಯಾಗಬಾರದೆಂದು ತನ್ನವರನ್ನೇ ಬಿಟ್ಟು ದೂರ ಹೋಗುವುದು ಯಾವ ನ್ಯಾಯ? ಇದು ಗೆಳೆಯನ ವಾದ. ಇವನ ಅಜ್ಜ ಆ ಕಾಲದಲ್ಲಿ ಕಚೇರಿಗಳನ್ನು ಅಲೆದವರಂತೆ. ಮಾತಿನಲ್ಲಿ ಬಿಸಿ ಇತ್ತು.

ಈ ವಾದವನ್ನು ನಾನು ಪೂರ್ತಿಯಾಗಿ ತಳ್ಳಿಹಾಕಲಾರೆ. ಆದರೆ ರಾಯರು ಹೆದರಿದುದು ಕನ್ನಡ ಮಾತಾಡುವ ರೈತರಿಗಲ್ಲ. ಕಚೇರಿಗಳೊಳಗೆ ಕುಳಿತಿದ್ದ ನೆಂಟರಿಗೆ. ನೆಂಟನ ಅರ್ಜಿ ಮೊದಲು ಮೇಜಿನ ಮೇಲೆ ಬಂದರೆ ನೆಂಟರಿಲ್ಲದವನ ಅರ್ಜಿ ಕೆಳಗೆ ಹೋಗುವುದಷ್ಟೆ. ತಾನು ಗಟ್ಟಿಗನಾಗಿ ನಿಂತೇನು ಎಂಬ ಭರವಸೆಯಿದ್ದವನಿಗೂ ಜನ ಅವನನ್ನು ನಂಬಬೇಕಲ್ಲ! ನಮ್ಮ ಊರಿನಲ್ಲಿಯೇ ನೋಡಿ, ಹುಡುಗನೊಬ್ಬನು ಪರೀಕ್ಷೆಗೆ ಕಟ್ಟಿದನೆಂಬ ಸುದ್ದಿ ಹಬ್ಬಿದ ಕೂಡಲೆ, ಅವನು ನಮ್ಮ ತಾಲ್ಲೂಕಿಗೇ ಬರಲೆಂದು ಮಾದಪ್ಪನಿಗೆ ಹರಸಿಕೊಳ್ಳುವವರು ಎಷ್ಟು ಮಂದಿ! ಹರಕೆಯಲ್ಲಿ ಪ್ರೀತಿಯಿದೆ, ಪ್ರೀತಿಯ ಜೊತೆಗೆ ಪಹಣಿ, ಖಾತೆ, ಸರ್ವೆಗಳ ಲೆಕ್ಕಾಚಾರವೂ ಇದೆ. ಚುನಾವಣೆಯ ಕಾಲದಲ್ಲಿ ಅದಕ್ಕೆ ಸಂಬಂಧಿಸಿದ ಅಧಿಕಾರಿಗಳು ತಮ್ಮ ಸ್ವಂತ ಜಿಲ್ಲೆಯಲ್ಲಿ ಇರಕೂಡದೆಂದು ಚುನಾವಣಾ ಆಯೋಗವು ಕಟ್ಟುಮಾಡಿರುವುದು ಇದೇ ಕಾರಣಕ್ಕೆ. ಕಟ್ಟಳೆ ಹೇಳದೆ ಇದ್ದ ಕಾಲದಲ್ಲಿ ಇಪ್ಪತ್ತೆರಡರ ಹುಡುಗನೊಬ್ಬ ಅದನ್ನು ತನಗೆ ತಾನೇ ವಿಧಿಸಿಕೊಂಡನು. ನಷ್ಟವಾದುದು ಅವನಿಗೆ: ಮನೆಯಿಂದ ದೂರ, ಕಲಿಯಬೇಕಾದ ಹೊಸ ಭಾಷೆ, ಹೊಸ ಹವೆ.

ಬಂಗಾಳದಲ್ಲಿ ಕೆಲವು ಕಾಲ ಆಡಳಿತದ ಕೆಲಸವನ್ನು ಮಾಡಿ ರಾಯರು ನ್ಯಾಯಾಂಗಕ್ಕೆ ತಿರುಗಿದರು. ಪೂರ್ವ ಬಂಗಾಳದ ಜಿಲ್ಲೆಗಳಲ್ಲಿ ನ್ಯಾಯಾಧೀಶರಾಗಿದ್ದರು. 1925ರಿಂದ ಸುಮಾರು ಎಂಟು ವರ್ಷ ಅಸ್ಸಾಮು ಸರ್ಕಾರದ ಶಾಸನ ಇಲಾಖೆಯ ಕಾರ್ಯದರ್ಶಿಗಳು. 1935ರ ಭಾರತ ಸರ್ಕಾರದ ಕಾಯಿದೆ ಬಂದಾಗ ದೇಶದ ಹಳೆಯ ಕಾಯಿದೆಗಳನ್ನೆಲ್ಲ ಹೊಸ ವ್ಯವಸ್ಥೆಗೆ ಹೊಂದಿಸುವ ಭಾರ ಇವರ ಮೇಲೆ ಬಿದ್ದಿತು. ಅದನ್ನು ಮುಗಿಸಿದ ಮೇಲೆ 1938ರಲ್ಲಿ ಸರ್ ಪದವಿ ಬಂದಿತು. ಕಲ್ಕತ್ತೆಯ ಹೈಕೋರ್ಟಿನ ನ್ಯಾಯಾಧೀಶರೂ ಆದರು. ಆದರೆ ಪೀಠದ ಮೇಲೆ ಅವರನ್ನು ಕೂರಗೊಡಿಸಿದವರಾರು? ಒಂದು ತಕರಾರು ಎದ್ದಿತೆಂದರೆ ನರಸಿಂಗರಾಯರನ್ನು ಕರೆಯಿರಿ ಎನ್ನುವಂತಾಗಿತ್ತು. ರೈಲ್ವೆ ಕೆಲಸಗಾರರ ತುಟ್ಟಿಭತ್ಯದ ವಿಚಾರಣೆ 1940ರಲ್ಲಿ. ಹಿಂದೂ ಕಾಯಿದೆಯ ಸುಧಾರಣೆಯ ಸಮಿತಿ 1941ರಲ್ಲಿ, ಮತ್ತೆ 1944ರಲ್ಲಿ. ಹೆಣ್ಣುಮಕ್ಕಳ ಆಸ್ತಿಯ ಹಕ್ಕಿಗೆ ದಾರಿ ಮಾಡಿದ 1955 ಮತ್ತು 1956ರ ಹಿಂದೂ ಕಾಯಿದೆಗಳ ಬೇರು ಈ ಸಮಿತಿಯ ಕೆಲಸದಲ್ಲಿದೆ.

ಇವುಗಳಲ್ಲಿ ಕಾವೇರಿಯ ದಡದವರಾದ ನಮಗೆ ಹತ್ತಿರವಾದುದು ಸಿಂಧೂ ನದಿಯ ವಿಚಾರಣೆ. ಮೇಲಿನ ಪಂಜಾಬಿನವರು ಅಣೆಕಟ್ಟು ಕಟ್ಟಿ ನೀರು ತೆಗೆದರೆ ತಮ್ಮ ಗತಿಯೇನೆಂದು ಕೆಳಗಿನ ಸಿಂಧದವರು ದೂರಿತ್ತಾಗ, 1941ರಲ್ಲಿ ನೇಮಿಸಿದ ಆಯೋಗಕ್ಕೆ ರಾಯರೇ ಅಧ್ಯಕ್ಷರು. ನದಿ ತನ್ನ ನೆಲದಲ್ಲಿ ಹರಿಯುತ್ತದೆಂದು ಮೇಲಿನವನು ಇಷ್ಟಬಂದಂತೆ ಮಾಡಲಾಗದು. ಹಿಂದಿನಿಂದ ಹರಿದುಬಂದಿದೆಯೆಂದು ಕೆಳಗಿನವನು ಒಂದು ಹನಿಯನ್ನೂ ಮುಟ್ಟಗೊಡಬಾರದೆನ್ನಲೂ ಆಗದು. ಇಬ್ಬರಿಗೂ ನ್ಯಾಯವಾದ ಪಾಲು ದೊರೆಯಬೇಕು ಎಂಬ ತತ್ತ್ವವನ್ನು ಅವರ ವರದಿ ಎತ್ತಿಹಿಡಿಯಿತು. ಮೈಸೂರು ಮದರಾಸುಗಳ ನಡುವೆ 1924ರಲ್ಲಿ ಕಾವೇರಿಯ ಒಪ್ಪಂದವಾದಾಗ ಕೊಳ್ಳೇಗಾಲವು ಮದರಾಸಿನ ಕಡೆಗಿತ್ತು. 1956ರ ನವೆಂಬರ್ 1ರಂದು ಮೈಸೂರಿನ ಕಡೆಗೆ ಬಂದಿತು. ಒಂದೇ ತಾಲ್ಲೂಕು ತಕರಾರಿನ ಎರಡು ಪಕ್ಷಗಳಲ್ಲಿಯೂ ನಿಂತು ನೋಡಿದೆ! ರಾಯರ ಮಾತಿನ ತೂಕ ನಮಗಿಂತ ಚೆನ್ನಾಗಿ ಇನ್ನಾರಿಗೆ ತಿಳಿದೀತು?

1944ರಲ್ಲಿ ಸೇವೆಯಿಂದ ನಿವೃತ್ತರಾದ ಮೇಲೆ ಕಾಶ್ಮೀರದ ಪ್ರಧಾನಿಗಳಾದರು. ಅಲ್ಲಿ ಮಹಾರಾಜರಿಗೂ ಇವರಿಗೂ ಅಭಿಪ್ರಾಯ ಹೊಂದಲಿಲ್ಲ. ಮರುವರ್ಷವೇ ರಾಜೀನಾಮೆಯಿತ್ತು ಹೊರಟುಬಂದರು.

ಅವರ ಹೆಸರನ್ನು ಚಿರವಾಗಿಸಿದ ಕೆಲಸ ಬಂದುದು 1946ರಲ್ಲಿ. ಸಂವಿಧಾನ ಸಭೆಗೆ ಅವರು ಸಂವಿಧಾನ ಸಲಹೆಗಾರರಾದರು. ಈ ಕೆಲಸಕ್ಕೆ ಸಂಬಳವನ್ನು ತೆಗೆದುಕೊಳ್ಳಲಿಲ್ಲ. ಸಭೆಯ ಸದಸ್ಯರೂ ಅವರಲ್ಲ, ಮತವಿಲ್ಲ, ಭಾಷಣವಿಲ್ಲ. ಲೋಕದ ನಾನಾ ಸಂವಿಧಾನಗಳನ್ನು ತರಿಸಿ, ಹೋಲಿಸಿ, ಸದಸ್ಯರಿಗೆ ಟಿಪ್ಪಣಿಗಳನ್ನು ಒದಗಿಸುವುದು ಅವರ ಕೆಲಸ. 1947ರ ಅಕ್ಟೋಬರಿನಲ್ಲಿ ಅವರ ಮೊದಲ ಕರಡು ಸಿದ್ಧವಾಯಿತು: ಸುಮಾರು 240 ವಿಧಿಗಳು, 13 ಅನುಸೂಚಿಗಳು. ಡಾಕ್ಟರ್ ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿ ಇದನ್ನು ಮುಂದಿಟ್ಟುಕೊಂಡು ತಿದ್ದಿ, ಬೆಳೆಸಿ, ಹಲವೆಡೆ ಪೂರ್ತಿಯಾಗಿ ಬದಲಿಸಿ ಹೊಸ ಕರಡನ್ನು ಕಟ್ಟಿತು. ಸಭೆ ಅದನ್ನು ವಿಧಿವಿಧಿಯಾಗಿ ಚರ್ಚಿಸಿತು. ಕೊನೆಗೆ ನಿಂತುದು 395 ವಿಧಿಗಳು, 8 ಅನುಸೂಚಿಗಳು. ಸಂವಿಧಾನವನ್ನು ಬರೆದವರು ಯಾರೆಂಬ ಜಗಳವನ್ನು ಎಬ್ಬಿಸಿ, ಒಬ್ಬರನ್ನು ಏರಿಸಲು ಇನ್ನೊಬ್ಬರನ್ನು ಇಳಿಸುವ ಮಂದಿ ಇದ್ದಾರೆ. ಅವರು ಅಂಬೇಡ್ಕರರನ್ನೂ ಓದಿಲ್ಲ, ರಾಯರನ್ನೂ ಓದಿಲ್ಲ. 1949ರ ನವೆಂಬರ್ 25ರಂದು ಅಂಬೇಡ್ಕರರೇ ಸಭೆಯಲ್ಲಿ ಎದ್ದು ನಿಂತು, ತಮಗೆ ಸಂದ ಪ್ರಶಂಸೆಯಲ್ಲಿ ರಾಯರಿಗೂ ಪಾಲಿದೆಯೆಂದು ಹೆಸರು ಹಿಡಿದು ಹೇಳಿದರು.

ರಾಯರ ವಿವೇಚನೆ ಎಲ್ಲೆಡೆಯೂ ತಪ್ಪಿಲ್ಲದ್ದೆಂದು ಹೇಳುವುದು ಭಕ್ತಿಯಾದೀತೇ ಹೊರತು ಚರಿತ್ರೆಯಾಗದು. ಕರಡು ಮುಗಿದ ಮೇಲೆ ಅವರು ಅಮೆರಿಕ, ಕೆನಡ, ಐರ್ಲೆಂಡ್, ಇಂಗ್ಲೆಂಡುಗಳನ್ನು ಸುತ್ತಿ ಅಲ್ಲಿಯ ವಿದ್ವಾಂಸರೊಡನೆ ಚರ್ಚಿಸಿದರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರರೊಡನೆ ಮಾತಾಡಿದ ಬಳಿಕ, ನ್ಯಾಯವಾದ ಕ್ರಮ ಎಂಬ ಅರ್ಥದ ಅಮೆರಿಕದ ಪದವನ್ನು ವ್ಯಕ್ತಿಸ್ವಾತಂತ್ರ್ಯದ ವಿಧಿಯಲ್ಲಿ ಇಟ್ಟರೆ ನ್ಯಾಯಾಲಯಗಳ ಕೈ ಅತಿ ಉದ್ದವಾಗಿ, ಜನಹಿತದ ಕಾಯಿದೆಗಳಿಗೆ ತೊಡಕಾದೀತೆಂದು ಅವರಿಗೆ ತೋರಿತು. ಸಮಿತಿಯೂ ಒಪ್ಪಿತು. 21ನೆಯ ವಿಧಿಯಲ್ಲಿ ಕಾನೂನು ಗೊತ್ತುಪಡಿಸಿದ ಕ್ರಮ ಎಂಬ ಮಾತು ಬಂದಿತು. ಇದರಿಂದ 1950ರಲ್ಲಿ ಗೋಪಾಲನ್ನರ ಮೊಕದ್ದಮೆಯಲ್ಲಿ, ಬಂಧನಕ್ಕೆ ಒಂದು ಕಾಯಿದೆಯಿದ್ದರೆ ಸಾಕು, ಅದರ ಕ್ರಮ ನ್ಯಾಯವೇ ಎಂದು ಕೇಳುವಂತಿಲ್ಲ ಎಂಬಂತಾಯಿತು. 1978ರಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಆ ಕ್ರಮ ನ್ಯಾಯಸಮ್ಮತವೂ ಆಗಿರಬೇಕೆಂದು ತೀರ್ಪಿತ್ತು, ರಾಯರು ಹೊರಗಿಟ್ಟುದನ್ನು ಬಹುಮಟ್ಟಿಗೆ ಒಳಗೆ ಕರೆದುಕೊಂಡಿತು. ಈ ಒಂದು ವಿಷಯದಲ್ಲಿ ನನ್ನ ಮನಸ್ಸು 1978ರ ಕಡೆಗೇ ವಾಲುತ್ತದೆ.

ಇನ್ನೊಂದು ಸನ್ನಿವೇಶವನ್ನು ಪರೀಕ್ಷಾರ್ಥಿಗಳು ಮನನ ಮಾಡಬೇಕು. 1950ರಲ್ಲಿ ಭಾರತವು ವಿಶ್ವಸಂಸ್ಥೆಯ ಭದ್ರತಾ ಮಂಡಲಿಯ ಸದಸ್ಯ, ರಾಯರು ಪ್ರತಿನಿಧಿ, ಜೂನ್ ತಿಂಗಳ ಸರದಿಯ ಅಧ್ಯಕ್ಷರೂ ಅವರೇ. ಆ ತಿಂಗಳ 25ರಂದು ಉತ್ತರ ಕೊರಿಯದ ಸೈನ್ಯ ದಕ್ಷಿಣಕ್ಕೆ ನುಗ್ಗಿತು. ಅಂದೇ ಸೇರಿದ ಸಭೆಯಲ್ಲಿ, ಯುದ್ಧ ನಿಲ್ಲಿಸಿ ಹಿಂದೆ ಸರಿಯಬೇಕೆಂಬ ನಿರ್ಣಯಕ್ಕೆ ರಾಯರು ಭಾರತದ ಮತವನ್ನು ಕೊಟ್ಟರು. 27ರಂದು ಬಂದ ಎರಡನೆಯ ನಿರ್ಣಯ ಬೇರೆ ಜಾತಿಯದು. ದಕ್ಷಿಣ ಕೊರಿಯಕ್ಕೆ ಸದಸ್ಯ ರಾಷ್ಟ್ರಗಳು ನೆರವು ಕೊಡಬೇಕೆಂಬುದು, ಎಂದರೆ ಯುದ್ಧಕ್ಕೆ ಕೈಹಚ್ಚುವುದು. ದೆಹಲಿಯಿಂದ ಅಪ್ಪಣೆ ಬಂದಿರಲಿಲ್ಲ. ಸಭೆ ಕಾದಿತು, ಅಪ್ಪಣೆ ಬರಲಿಲ್ಲ. ಅಧ್ಯಕ್ಷ ಪೀಠದಲ್ಲಿ ಕುಳಿತೇ, ಲೋಕವೆಲ್ಲ ನೋಡುತ್ತಿರುವಾಗ, ರಾಯರು ಮತದಾನದಲ್ಲಿ ಭಾಗವಹಿಸಲಿಲ್ಲ. ಈಜಿಪ್ಟಿನವರದೂ ಅದೇ ಸ್ಥಿತಿ. ಭಾರತ ಸರ್ಕಾರ ಆ ನಿರ್ಣಯವನ್ನು ಒಪ್ಪಿದ್ದು ಎರಡು ದಿನಗಳ ಮೇಲೆ. ಶಾಂತಿಗೆಂದು ಮತ ಹಾಕುವಾಗ ಮುಂದಾದವರು ಯುದ್ಧಕ್ಕೆಂದು ಮತ ಹಾಕುವಾಗ ತಡೆದು ನಿಂತುದು ಹೆದರಿಕೆಯೋ ಹೊಣೆಗಾರಿಕೆಯೋ? ನಮ್ಮ ಹಾಸ್ಟೆಲಿನಲ್ಲಿ ಈ ಪ್ರಶ್ನೆಯ ಮೇಲೆ ಒಂದು ರಾತ್ರಿ ಕಳೆಯಿತು. ನನಗನ್ನಿಸುವುದಿಷ್ಟು: ಅಪ್ಪಣೆಯಿಲ್ಲದೆ ಮಾಡಬಹುದಾದುದು ಯಾವುದು, ಮಾಡಬಾರದುದು ಯಾವುದು ಎಂಬ ಗೆರೆ ಅವರಿಗೆ ಕಾಣುತ್ತಿತ್ತು. ಅದೇ ವರ್ಷದ ಕೊನೆಯಲ್ಲಿ ಕೊರಿಯದಲ್ಲಿ ಯುದ್ಧವಿರಾಮಕ್ಕೆ ದಾರಿ ಹುಡುಕಲು ನೇಮಿಸಿದ ಮೂವರಲ್ಲಿ, ಇರಾನಿನ ಎಂತಜಾಮ್, ಕೆನಡದ ಪಿಯರ್ಸನ್ ಇವರೊಡನೆ ರಾಯರೂ ಒಬ್ಬರಾಗಿದ್ದರು. ಪ್ರಯತ್ನ ಫಲಿಸಲಿಲ್ಲ.

1952ರಲ್ಲಿ ರಾಯರು ಹೇಗಿನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ ಪೀಠವನ್ನೇರಿದರು. ಆದರೆ ದೇಹಸ್ಥಿತಿ ಕೆಟ್ಟಿತು. 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ಕಿನಲ್ಲಿ ತೀರಿಕೊಂಡರು. ವಯಸ್ಸು ಅರವತ್ತಾರು. ಸಂವಿಧಾನ ರಚನೆಯ ಕಾಲದಲ್ಲಿ ಅವರು ಬರೆದ ಟಿಪ್ಪಣಿಗಳನ್ನು ತಮ್ಮ ಶಿವರಾಯರು ಕಲೆಹಾಕಿ 1960ರಲ್ಲಿ ಗ್ರಂಥವಾಗಿ ಪ್ರಕಟಿಸಿದರು.

ರಾಯರು ಬೇಡವೆಂದು ಬಿಟ್ಟ ಮದರಾಸು ಪ್ರಾಂತದಿಂದ, ಅವರು ತೀರಿಕೊಂಡ ಮೂರನೆಯ ವರ್ಷದಲ್ಲಿ, ಅವರು ಹುಟ್ಟಿದ ಮಂಗಳೂರೂ ನಮ್ಮ ರಾಮಾಪುರವೂ ಒಂದೇ ದಿನ ಹೊರಬಂದು ಮೈಸೂರು ರಾಜ್ಯವನ್ನು ಸೇರಿದುವು. ಗೆಳೆಯನಿಗೆ ಇದನ್ನು ಹೇಳಿದೆ. ಅವನು ಇನ್ನೂ ತನ್ನ ವಾದವನ್ನು ಬಿಟ್ಟಿಲ್ಲ. ಬರುವ ಪರೀಕ್ಷೆಗೆ ಮಾತ್ರ ಅರ್ಜಿ ಹಾಕಿದ್ದಾನೆ.